ಬಿಸಿಲಿಗಿಟ್ಟ ಬ್ಯಾಟರಿ

ಮದುವೆಮನೆಯಲ್ಲಿ ಫೋಟೋ ತೆಗೆಯುವವರನ್ನು ನೀವೂ ನೋಡಿರುತ್ತೀರಿ. ತಾಳಿ ಕಟ್ಟುವ ಹೊತ್ತಿಗೆ ನಾವೆಲ್ಲ ಅಕ್ಷತೆ ಹಿಡಿದು ಮುಂದಕ್ಕೆ ನುಗ್ಗುತ್ತೇವೆ, ಅವರು ನಮ್ಮನ್ನೆಲ್ಲ ಹಿಂದಕ್ಕೆ ತಳ್ಳುತ್ತಾರೆ. ನನ್ನ ತಂಗಿ ಮಂಜುಳಾ ಕೂಡ ತಳ್ಳುತ್ತಾಳೆ. ಆದರೆ ಅವಳಿಗೆ ಅದಕ್ಕಿಂತ ಮೊದಲಿನ ಕೆಲಸವೊಂದಿದೆ. ಛತ್ರದೊಳಗೆ ಕಾಲಿಟ್ಟ ಕೂಡಲೇ ಅವಳು ಹೆಣ್ಣು ಗಂಡಿನ ಮುಖ ನೋಡುವುದಿಲ್ಲ, ಮಂಟಪದ ಹೂವು ನೋಡುವುದಿಲ್ಲ. ಗೋಡೆಯ ಬುಡ ನೋಡುತ್ತಾಳೆ, ಪ್ಲಗ್ ಪಾಯಿಂಟ್ ಎಲ್ಲಿದೆಯೆಂದು. ಚಾರ್ಜರ್ ಸಿಕ್ಕಿಸಿ, ದೀಪ ಹತ್ತಿದ್ದು ನೋಡಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ತಿರುಗಿ ಬಂದು ನೋಡುತ್ತಾಳೆ. ಊಟದ ಎಲೆಯ ಮುಂದೆ ಕೂತವಳು ಹೋಳಿಗೆ ಬಡಿಸುವಾಗ ಎದ್ದು ಹೋಗಿ ನೋಡಿಕೊಂಡು ಬರುತ್ತಾಳೆ.

ಹೊಸದಾಗಿ ಕೆಲಸಕ್ಕೆ ಸೇರಿದವರು ನಗುತ್ತಾರೆ. ಆಗ ಅವಳು ಒಂದು ಕಥೆ ಹೇಳುತ್ತಾಳೆ. 'ನಗ್ಬೇಡ್ರೋ. ಒಂದ್ಸಲ ಕಾಡಿಗೆ ಹೋಗಿದ್ದೆ, ಕರೆಂಟಿಲ್ಲದ ಊರು. ರಾತ್ರಿ ಕ್ಯಾಮೆರಾ ಆಫ್ ಮಾಡೋದು ಮರ್ತು ಮಲಗ್ಬಿಟ್ಟೆ. ಬೆಳಿಗ್ಗೆ ಬ್ಯಾಟರಿ ಖಾಲಿ. ಜನ್ಮಕ್ಕೊಂದು ಸಲ ಸಿಗೋ ಫೋಟೋ ಕಣ್ಮುಂದೇನೇ ಹೋಯ್ತು. ನನ್ನಂಥ ದಡ್ಡಿ ಆಗ್ಬೇಡಿ.'

ಈ ಕಥೆಯನ್ನು ನಾನು ಬಹಳ ಸಲ ಕೇಳಿದ್ದೇನೆ. ಯಶವಂತಪುರದ ಛತ್ರದಲ್ಲಿ ಕೇಳಿದ್ದೇನೆ, ಆರ್.ಟಿ. ನಗರದಲ್ಲಿ ಅವಳು ಕೆಲಸ ಮಾಡುವ ಸ್ಟುಡಿಯೋದಲ್ಲಿ ಕೇಳಿದ್ದೇನೆ, ನಮ್ಮ ಮನೆಯ ಗೌರಿ ಹಬ್ಬದಲ್ಲಿ ಒಬ್ಬಟ್ಟಿನ ಹೂರಣ ರುಬ್ಬುತ್ತಾ ಕೇಳಿದ್ದೇನೆ. ಕೇಳಿದಾಗಲೆಲ್ಲ ನನ್ನ ಕೈ ಏನಾದರೂ ಕೆಲಸ ಹುಡುಕಿಕೊಳ್ಳುತ್ತದೆ. ಯಾಕೆಂದರೆ ಆ ಕಥೆ ಸುಳ್ಳು. ಅವಳು ಏನನ್ನೂ ಮರೆತಿರಲಿಲ್ಲ. ಆ ಸುಳ್ಳು ಹುಟ್ಟಿಸಿದವಳು ನಾನು. ಅವಳು ಅದನ್ನು ನಿಜವೆಂದೇ ನಂಬಿಕೊಂಡು ಬದುಕಿದಳು. ಕಳೆದ ತಿಂಗಳು ಅವಳನ್ನು ಮತ್ತೊಮ್ಮೆ ಕಾಡಿಗೆ ಕರೆದರು. ಹೋಗುವುದಿಲ್ಲ, ಪ್ಲಗ್ ಇಲ್ಲದ ಕಡೆ ನನ್ನನ್ನು ನಂಬಬೇಡಿ ಎಂದು ಹೇಳಲು ಅವಳು ಸಿದ್ಧಳಾಗಿದ್ದಳು. ಆಗ ನಾನು ಬಾಯಿ ಬಿಡಬೇಕಾಯಿತು.

ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಬ್ಯಾಟರಾಯನಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸೀರೆಗೆ ಫಾಲ್ಸ್ ಹಾಕುತ್ತೇನೆ, ಬ್ಲೌಸ್ ಹೊಲಿಯುತ್ತೇನೆ. ಬ್ಯಾಟರಿಯ ವಿಷಯದಲ್ಲಿ ನನ್ನ ವಿದ್ಯೆಯೆಲ್ಲ ಅಪ್ಪನಿಂದ ಬಂದದ್ದು. ನಾವು ಹುಣಸಮಾರನಹಳ್ಳಿಯಲ್ಲಿದ್ದಾಗ ಅಪ್ಪ ಒಬ್ಬರ ದ್ರಾಕ್ಷಿ ತೋಟ ಕಾಯುತ್ತಿದ್ದ. ಈಗ ಆ ತೋಟ ಎಲ್ಲಿತ್ತೆಂದು ತೋರಿಸಲು ನನಗೇ ಆಗುವುದಿಲ್ಲ. ಏರ್‌ಪೋರ್ಟ್ ರಸ್ತೆಯಲ್ಲಿ ಬಸ್ಸು ಅಷ್ಟು ಜೋರಾಗಿ ಹೋಗುತ್ತದೆ. ಅಪ್ಪನಿಗೊಂದು ಉದ್ದನೆಯ ಟಾರ್ಚ್ ಇತ್ತು. ಅದರ ಬೆಳಕು ಕೆಂಪಗಾದರೆ ಸೆಲ್ಲು ಬಿಚ್ಚಿ ಬಾವಿಕಟ್ಟೆಯ ಮೇಲೆ ಬಿಸಿಲಿಗೆ ಇಡುತ್ತಿದ್ದ. 'ಬಿಸ್ಲು ಕುಡೀಲಿ' ಎನ್ನುತ್ತಿದ್ದ. ಸಾಯಂಕಾಲ ಅದೇ ಸೆಲ್ಲು ಹಾಕಿದರೆ ಒಂದಷ್ಟು ಹೊತ್ತು ನಿಜವಾಗಿಯೂ ಉರಿಯುತ್ತಿತ್ತು. ಕೋಳಿ ಬಂದು ಕುಕ್ಕದಂತೆ ಸೆಲ್ಲು ಕಾಯುವುದು ನನ್ನ ಪಾಲಿನ ಕೆಲಸ. ಮಂಜುಳಾ ಆಗ ಕೈಗೂಸು. ಅವಳನ್ನು ಸೊಂಟದಲ್ಲಿ ಕೂರಿಸಿಕೊಂಡೇ ಕಾಯುತ್ತಿದ್ದೆ. ಅವಳು ಹುಟ್ಟಿದ ವರ್ಷವೇ ನನ್ನನ್ನು ಶಾಲೆ ಬಿಡಿಸಿದ್ದು, ಅಮ್ಮ ಕೂಲಿಗೆ ಹೋಗಬೇಕಿತ್ತಲ್ಲ. ಅದನ್ನು ನಾನು ಯಾವತ್ತೂ ಅವಳ ಮೇಲೆ ಹೇರಿಲ್ಲ ಎಂದುಕೊಂಡಿದ್ದೆ. ಈಗ ಅಷ್ಟು ಗಟ್ಟಿಯಾಗಿ ಹೇಳಲಾರೆ.

ಮಂಜುಳಾ ಓದಿದಳು. ಸ್ಟುಡಿಯೋ ಸೇರಿದಳು. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಒಂದನ್ನು ಕೊಂಡು ಭಾನುವಾರ ಬೆಳಗಾದರೆ ಹೆಬ್ಬಾಳ ಕೆರೆಯ ಏರಿಯ ಮೇಲೆ ಹಕ್ಕಿಗಳ ಮುಂದೆ ಕೂರತೊಡಗಿದಳು. 'ಮದ್ವೆಗೆ ಗಂಡು ನೋಡೋ ವಯಸ್ನಾಗೆ ಕೊಕ್ಕರೆ ನೋಡ್ತಾ ಕುಂತವ್ಳೆ' ಎಂದು ಅಮ್ಮ ಬೈಯುತ್ತಿದ್ದಳು. ಆ ಕೊಕ್ಕರೆಗಳನ್ನು ಎಲ್ಲೋ ನೋಡಿದ ಒಬ್ಬರು, ಮಕ್ಕಳಿಗಾಗಿ ಕಾಡಿನ ಪುಸ್ತಕ ಮಾಡುವವರು, ಅವಳನ್ನು ಕರೆಸಿದರು. ಜೋಯಿಡಾ ಕಡೆಯ ಕಾಡಿನಲ್ಲಿ ಮಂಗಟ್ಟೆ ಹಕ್ಕಿ ಗೂಡು ಕಟ್ಟಿದೆ, ಹೋಗಿ ತೆಗೆಯುತ್ತೀಯಾ ಎಂದರು.

ಮಂಗಟ್ಟೆಯ ಸಂಸಾರ ನಿಮಗೆ ಗೊತ್ತಿರಬಹುದು, ನನಗೆ ಗೊತ್ತಿರಲಿಲ್ಲ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಹೋಗಿ ಕೂತು ಬಾಗಿಲಿಗೆ ಗೋಡೆ ಕಟ್ಟಿಕೊಳ್ಳುತ್ತದೆ. ಕೊಕ್ಕು ಹಿಡಿಸುವಷ್ಟು ಸೀಳು ಮಾತ್ರ ಉಳಿಯುತ್ತದೆ. ಗಂಡು ಹಣ್ಣು ತಂದು ಆ ಸೀಳಿನಲ್ಲಿ ತಿನ್ನಿಸಬೇಕು. ಕೊನೆಗೊಂದು ದಿನ ಹೆಣ್ಣು ತಾನೇ ಗೋಡೆ ಒಡೆದು ಹೊರಗೆ ಬರುತ್ತದೆ. ಮಂಜುಳಾಗೆ ಬೇಕಿದ್ದದ್ದು ಆ ಗಳಿಗೆ. ಅದು ಯಾವ ದಿನ ಬರುತ್ತದೆಂದು ಯಾರೂ ಹೇಳಲಾರರು. ಕಾಯಬೇಕು.

'ಒಬ್ಳೇ ಕಾಡ್ಗೆ ಓಯ್ತೀಯಾ? ಅಕ್ಕನ್ ಕರ್ಕಂಡ್ ಓಗಂಗಿದ್ರೆ ಓಗು, ಇಲ್ದಿದ್ರೆ ಬ್ಯಾಡ' ಎಂದಳು ಅಮ್ಮ. ಮದುವೆಯಾಗದ ಹುಡುಗಿಯ ಜೊತೆಗೆ ಮದುವೆಯಾದ ಅಕ್ಕ ಇದ್ದರೆ ಹುಲಿ ಕೂಡ ಮುಟ್ಟುವುದಿಲ್ಲವೆಂದು ನಮ್ಮ ಕಡೆಯವರ ನಂಬಿಕೆ. ಪೀಣ್ಯದ ಕಾರ್ಖಾನೆಗೆ ಹೋಗುವ ನನ್ನ ಗಂಡ ಬೇಡ ಎನ್ನಲಿಲ್ಲ. ಅಲ್ಲಿ ನೆಟ್‌ವರ್ಕ್ ಇರಲ್ಲ, ನಿನಗೆ ಹೊತ್ತು ಹೋಗಬೇಕಲ್ಲ ಎಂದು ನನ್ನ ಸೀರಿಯಲ್ಲಿನ ಕಂತುಗಳನ್ನೆಲ್ಲ ಫೋನಿಗೆ ಇಳಿಸಿಕೊಟ್ಟರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಅಷ್ಟು ಪ್ರೀತಿಯಿಂದ ಮಾಡಿದ ಕೆಲಸ ನನಗೆ ಬೇರೆ ನೆನಪಿಲ್ಲ. ಅದೇ ನನಗೆ ಮುಳುವಾಯಿತು.

ನಾವು ಉಳಿದ ಕಾಡಂಚಿನ ಹಳ್ಳಿಯಲ್ಲಿ ಕರೆಂಟಿನ ಕಂಬ ಬಂದಿತ್ತು, ತಂತಿ ಬಂದಿರಲಿಲ್ಲ. ಕಂಬಕ್ಕೆ ಎಮ್ಮೆ ಕಟ್ಟುತ್ತಿದ್ದರು. ನಾವಿದ್ದ ಮನೆಯ ಅಜ್ಜಿಗೆ ಒಂದು ಸೋಲಾರ್ ದೀಪವಿತ್ತು, ಅದು ಅಡುಗೆ ಮುಗಿಯುವ ತನಕ ಉರಿದು ಕಣ್ಣು ಮುಚ್ಚುತ್ತಿತ್ತು. ಹಾಗಾಗಿ ಮಂಜುಳಾ ಊರಿನಿಂದಲೇ ತುಂಬಿಸಿ ತಂದಿದ್ದ ಇಟ್ಟಿಗೆಯಷ್ಟು ದಪ್ಪದ ಪವರ್ ಬ್ಯಾಂಕೇ ನಮಗೆ ಗತಿ. ಕ್ಯಾಮೆರಾಕ್ಕೆ ಎರಡು ಬ್ಯಾಟರಿ. ಒಂದನ್ನು ಅವಳು ಕಾಡಿಗೆ ಒಯ್ದರೆ ಇನ್ನೊಂದು ಮನೆಯಲ್ಲಿ ಪವರ್ ಬ್ಯಾಂಕಿಗೆ ತಗುಲಿಕೊಂಡು ತುಂಬುತ್ತಿತ್ತು. ಅದಕ್ಕೆ ನಾನು ಕಾವಲು. ಕೆಂಪು ದೀಪ ಹೋಗಿ ಹಸಿರು ಬಂದ ಕೂಡಲೇ ಬಿಡಿಸಿಡಬೇಕು, ಅಷ್ಟೇ.

ಬ್ಯಾಟರಿಯ ವಿಷಯದಲ್ಲಿ ಅವಳ ಜಿಪುಣತನ ಹೇಳತೀರದು. ತೆಗೆದ ಫೋಟೋ ತೋರಿಸೇ ಎಂದರೆ ತೋರಿಸುತ್ತಿರಲಿಲ್ಲ. 'ಆ ಸ್ಕ್ರೀನ್ ಹಚ್ಚಿದ್ರೆ ಬ್ಯಾಟರಿ ಕುಡಿದುಬಿಡತ್ತೆ ಅಕ್ಕ. ಊರಿಗೆ ಹೋದ್ಮೇಲೆ ನೋಡೋಣ.' ಮಾರನೆಯ ದಿನಕ್ಕೆ ಕ್ಯಾಮೆರಾದೊಳಗೆ ಬ್ಯಾಟರಿ ಕೂರಿಸಿದರೂ ಆನ್ ಮಾಡಿ ನೋಡುತ್ತಿರಲಿಲ್ಲ. 'ನೀನು ಹಸಿರು ನೋಡಿದೀಯಲ್ಲ, ಸಾಕು' ಎನ್ನುತ್ತಿದ್ದಳು. ನನ್ನ ಫೋನನ್ನೂ ಆಫ್ ಮಾಡಿಸಿದ್ದಳು. ನಾನು ಕದ್ದು ಕದ್ದು ಹಚ್ಚುತ್ತಿದ್ದೆ. ಬೆಳಕು ಹರಿಯುವ ಮೊದಲೇ ಅವಳು ಹೋಗಿ ಸೊಪ್ಪಿನ ಮರೆಯಲ್ಲಿ ಕೂತರೆ ಬರುವುದು ಹೊತ್ತು ಮುಳುಗಿದ ಮೇಲೆ. ಅಜ್ಜಿ ಗದ್ದೆಗೆ ಹೋಗುತ್ತಿದ್ದಳು. ನಾನು, ಎಮ್ಮೆ, ಕೆಂಪು ದೀಪ.

'ಎಂತ ಕೂತ್ಕಂಡು ಅದನ್ನೇ ನೋಡ್ತೆ ತಂಗಿ? ಬತ್ತದ ಬೀಜವಾ ಮೊಳಕೆ ಬರೂಕೆ?' ಎಂದು ಅಜ್ಜಿ ಒಂದು ದಿನ ನಕ್ಕಳು.

'ಇಲ್ಲಜ್ಜಿ, ತಂಗಿ ಕಾಯೋಕೆ ಹೇಳಿದಾಳೆ.'

'ಹಂಗಾರೆ ನೀನೂ ಆ ಹಕ್ಕಿನೇ. ಗೋಡೆ ಒಳಗೆ ಕೂತದ್ದು.'

ಅವಳು ತಮಾಷೆಗೆ ಹೇಳಿದ್ದು. ನನಗೆ ಚುಚ್ಚಿತು. ತಂಗಿ ಕಾಡಿನಲ್ಲಿ, ನಾನು ಜಗಲಿಯಲ್ಲಿ. ಆಗಲೂ ನಾನು ಸೆಲ್ಲು ಕಾದೆ, ಈಗಲೂ ಕಾಯುತ್ತಿದ್ದೇನೆ ಎನ್ನಿಸಿತು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಅವತ್ತು ಮಧ್ಯಾಹ್ನ ನಾನು ಮಾಡಿದ್ದಕ್ಕೆ ಅಂಥ ದೊಡ್ಡ ಕಾರಣವೇನೂ ಇರಲಿಲ್ಲ. ಸೀರಿಯಲ್ಲಿನಲ್ಲಿ ಒಂದು ಮದುವೆ ನಡೆಯುತ್ತಿತ್ತು. ಒಳ್ಳೆಯ ಹುಡುಗಿಯನ್ನು ಕೆಟ್ಟವನಿಗೆ ಕಟ್ಟುತ್ತಿದ್ದರು. ತಾಳಿ ಕೈಯಲ್ಲಿ ಹಿಡಿದದ್ದಾಗಿತ್ತು, ಬಾಗಿಲಲ್ಲಿ ಯಾರೋ 'ನಿಲ್ಲಿಸಿ' ಎಂದದ್ದಾಗಿತ್ತು. ಯಾರೆಂದು ತೋರಿಸುವ ಮೊದಲೇ ನನ್ನ ಫೋನ್ ಸತ್ತಿತು.

ಕೆಂಪು ದೀಪ ಉರಿಯುತ್ತಿತ್ತು. ಚಾರ್ಜರನ್ನು ಪವರ್ ಬ್ಯಾಂಕಿನಿಂದ ಬಿಡಿಸಿ ನನ್ನ ಫೋನನ್ನು ಸಿಕ್ಕಿಸಿದೆ. ಒಂದೇ ಒಂದು ಕಂತು ಎಂದುಕೊಂಡೆ. ಒಂದು ಕಂತಿಗೆ ಯಾವ ಮದುವೆ ನಿಲ್ಲುತ್ತದೆ? ನೋಡುತ್ತಾ ಹೋದೆ. ನನಗೆ ಎಚ್ಚರವಾದಾಗ ಪವರ್ ಬ್ಯಾಂಕಿನ ದೀಪವೂ ಆರಿತ್ತು. ಚಾರ್ಜರ್ ಮತ್ತೆ ಸಿಕ್ಕಿಸಿದರೆ ಕೆಂಪೂ ಇಲ್ಲ, ಹಸಿರೂ ಇಲ್ಲ.

ಆಮೇಲೆ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆ. ಕ್ಯಾಮೆರಾದ ಬ್ಯಾಟರಿಯನ್ನು ಒಯ್ದು ಅಂಗಳದ ಒರಳುಕಲ್ಲಿನ ಮೇಲೆ ಬಿಸಿಲಿಗೆ ಇಟ್ಟೆ. ಒಂದು ಮಗ್ಗುಲು ಕಾದ ಮೇಲೆ ಹಪ್ಪಳದ ಹಾಗೆ ಮಗುಚಿದೆ. ಅಷ್ಟು ದುಡ್ಡಿನ ಬ್ಯಾಟರಿ, ಟಾರ್ಚಿನ ಸೆಲ್ಲಿಗಿಂತ ಒಳ್ಳೆಯದೇ ಇರುತ್ತದೆ, ಬಿಸಿಲನ್ನೂ ಜಾಸ್ತಿಯೇ ಕುಡಿಯುತ್ತದೆ ಎಂದು ನನ್ನ ಲೆಕ್ಕ. ಸಂಜೆಗೆ ಮುಟ್ಟಿದರೆ ಕೈ ಸುಡುತ್ತಿತ್ತು. ತುಂಬಿರಬೇಕು ಎಂದುಕೊಂಡೆ. ಪೂರ್ತಿ ನಂಬಿದೆನೇ ಎಂದು ಕೇಳಿದರೆ, ಇಲ್ಲ. ನಂಬಿದರೆ ಅನುಕೂಲವಿತ್ತು, ಅದಕ್ಕೆ ನಂಬಿದೆ.

ಮಂಜುಳಾ ಬಂದಳು. ಮುಖ ಅರಳಿತ್ತು. 'ಒಳಗಿಂದ ಕುಟ್ಟೋಕೆ ಶುರು ಮಾಡಿದೆ ಅಕ್ಕ. ನಾಳೆ ಬರಬಹುದು. ತುಂಬ್ತಾ?'

'ತುಂಬ್ತು' ಎಂದೆ.

'ಪವರ್ ಬ್ಯಾಂಕ್?'

'ಅದು ಖಾಲಿ. ಇದನ್ನ ತುಂಬಿಸಿ ಆರ್‌ಹೋಯ್ತು.'

'ಹೋಗ್ಲಿ ಬಿಡು. ಇವತ್ತಿಂದು ಪೂರ್ತಿ ಮುಗೀತು, ನಾಳೆಗೊಂದಿದ್ಯಲ್ಲ, ಸಾಕು. ನಾಡಿದ್ದು ಪೇಟೆಗೆ ಹೋಗಿ ತುಂಬಿಸ್ಕೊಂಡ್ ಬರೋಣ.' ಕತ್ತಲಲ್ಲಿ ಎದ್ದು ಹೋಗಬೇಕಲ್ಲ ಎಂದು ಆಗಲೇ ಆ ಬ್ಯಾಟರಿಯನ್ನು ಕ್ಯಾಮೆರಾದೊಳಗೆ ಕೂರಿಸಿ ಚೀಲಕ್ಕೆ ಹಾಕಿಟ್ಟಳು. ಇನ್ನೂ ಬೆಚ್ಚಗಿದ್ದಿರಬೇಕು. ಚಾರ್ಜ್ ಆದ ಬ್ಯಾಟರಿ ಬೆಚ್ಚಗಿರುವುದು ಸಹಜವೇ.

ಮಾರನೆಯ ದಿನ ಅವಳು ಬೆಳಿಗ್ಗೆಯೇ ವಾಪಸಾದಳು. ನಾನು ಅಜ್ಜಿಯ ಜೊತೆ ರೊಟ್ಟಿ ತಟ್ಟುತ್ತಿದ್ದೆ. ಬಂದವಳು ಜಗಲಿಯ ಅಂಚಿನಲ್ಲಿ ಕೂತಳು. ಚೀಲ ಇಳಿಸಲಿಲ್ಲ.

'ಗೋಡೆ ಒಡೀತು ಅಕ್ಕ. ಮೊದಲು ಕೊಕ್ಕು ಬಂತು, ಆಮೇಲೆ ಕತ್ತು. ಪುಕ್ಕ ಎಲ್ಲ ಮುದುರಿಹೋಗಿತ್ತು, ಪಾಪ, ಎಷ್ಟು ದಿನದಿಂದ ಒಳಗಿತ್ತೋ. ಕೊಂಬೆ ಮೇಲೆ ಕೂತು ಒಂದ್ಸಲ ಮೈ ಕೊಡವಿಕೊಳ್ತು. ನಾನು ಬರೀ ನೋಡ್ತಾ ನಿಂತಿದ್ದೆ. ಆನ್ ಮಾಡಿದ್ರೆ ಒಂದ್ಸಲ ಕೆಂಪಗೆ ಮಿನುಗಿ ಆರಿಹೋಯ್ತು.'

ಆಗ ಹೇಳಬಹುದಿತ್ತು. ಹೇಳಿದ್ದರೆ ಅವಳು ಬೈಯುತ್ತಿದ್ದಳು, ಅಳುತ್ತಿದ್ದಳು, ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂರುತ್ತಿದ್ದಳು, ಯಶವಂತಪುರ ತಲುಪುವ ಹೊತ್ತಿಗೆ ಮಾತಾಡುತ್ತಿದ್ದಳು. ಒಂದು ಫೋಟೋ ಹೋಗುತ್ತಿತ್ತು, ಅಷ್ಟೇ. ಆದರೆ ಅಜ್ಜಿ ರೊಟ್ಟಿ ತಟ್ಟುವುದು ನಿಲ್ಲಿಸಿ ನನ್ನನ್ನು ನೋಡುತ್ತಿದ್ದಳು. ನಾನು ಕೇಳಿದೆ:

'ರಾತ್ರಿ ಕ್ಯಾಮೆರಾ ಆಫ್ ಮಾಡಿದ್ಯಾ ನೀನು?'

'ಮಾಡಿದ್ದೆ.'

'ನೋಡಿದ್ಯಾ?'

ಅವಳು ಯೋಚಿಸಿದಳು. 'ಮಾಡಿದ್ದೆ ಅನ್ಸತ್ತೆ. ಬ್ಯಾಟರಿ ಹಾಕಿದೆ, ಚೀಲಕ್ಕಿಟ್ಟೆ... ಕೈ ತಗುಲಿ ಆನ್ ಆಯ್ತಾ?'

'ಹಳೇ ಕ್ಯಾಮೆರಾ, ಹಂಗೇ ಬಿಟ್ರೆ ರಾತ್ರಿಯೆಲ್ಲ ಕುಡಿಯತ್ತೆ ಅಂತ ನೀನೇ ಹೇಳ್ತಿದ್ದೆ. ಆನ್ ಮಾಡೇ ಮಲಗಿದೀಯ ನೀನು. ನಿದ್ದೆಗಣ್ಣಲ್ಲಿ ಮರ್ತಿದೀಯ.'

ಈ ಮಾತು ನನ್ನ ಬಾಯಿಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಹಿಂದಿನ ರಾತ್ರಿಯೆಲ್ಲ ಅದನ್ನು ಹೊಲಿದಿಟ್ಟುಕೊಂಡಿದ್ದೆನೋ ಎನ್ನುವ ಹಾಗೆ. ಅವಳು ಕ್ಯಾಮೆರಾ ತೆಗೆದು ಆ ಸ್ವಿಚ್ಚನ್ನು ಆ ಕಡೆ ಈ ಕಡೆ ಮಾಡುತ್ತಾ ಕೂತಳು. 'ಮರ್ತಿರ್ಬೇಕು' ಎಂದಳು. ನಾನು ಬಿಸಿ ರೊಟ್ಟಿ ತಂದುಕೊಟ್ಟು ತಲೆ ಸವರಿದೆ. ಹೋಗಲಿ ಬಿಡು, ಎಲ್ಲರೂ ಮರೆಯುತ್ತಾರೆ ಎಂದೆ. ಸೀರಿಯಲ್ ನೋಡಿದ್ದನ್ನು ನಾನು ಎಂದೋ ಕ್ಷಮಿಸಿಕೊಂಡಿದ್ದೇನೆ. ಆ ತಲೆ ಸವರಿದ್ದನ್ನು ಕ್ಷಮಿಸಲು ಆಗಿಲ್ಲ.

ಆ ಪುಸ್ತಕದವರು ಕೋಪ ಮಾಡಿಕೊಳ್ಳಲಿಲ್ಲವಂತೆ. ಬೇರೆ ಯಾರದೋ ಫೋಟೋ ಹಾಕಿಕೊಂಡರು. ಆದರೆ ಮಂಜುಳಾಳ ಒಳಗೆ ಏನೋ ಸಡಿಲವಾಯಿತು. ಬೀಗ ಹಾಕಿ ಬೀದಿ ತುದಿಯವರೆಗೆ ಹೋದವಳು ವಾಪಸ್ ಬಂದು ಎಳೆದು ನೋಡುತ್ತಿದ್ದಳು. ಗ್ಯಾಸ್ ಆರಿಸಿದೆನೇ ಎಂದು ಸ್ಟುಡಿಯೋದಿಂದ ಅಮ್ಮನಿಗೆ ಫೋನ್ ಮಾಡುತ್ತಿದ್ದಳು. ಕೆರೆಯ ಏರಿಗೆ ಹೋಗುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ಕಂಬಕ್ಕೊಂದು ಪ್ಲಗ್ ಇರುವ ಛತ್ರಗಳನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಮನೆಯಲ್ಲಿ ಏನು ಕಳೆದರೂ 'ನಾನೇ ಎಲ್ಲೋ ಇಟ್ಟು ಮರ್ತಿರ್ಬೇಕು' ಎಂಬುದು ಅವಳ ಬಾಯಿಪಾಠವಾಯಿತು. ಒಂದು ಸಲ ನನ್ನ ಕತ್ತರಿ ಕಳೆದಾಗಲೂ ಹಾಗೆಂದಳು. ಅವಳು ಅವತ್ತು ನಮ್ಮ ಮನೆಗೇ ಬಂದಿರಲಿಲ್ಲ.

ಕಳೆದ ತಿಂಗಳು ಒಂದು ಮಧ್ಯಾಹ್ನ ಬ್ಲೌಸ್ ಅಳತೆಗೆಂದು ಬಂದಳು. ನಾನು ಮೆಷೀನಿನ ಮುಂದಿದ್ದೆ. ಅವಳು ಪಕ್ಕದಲ್ಲಿ ಬಟ್ಟೆಯ ರಾಶಿಯ ಮೇಲೆ ಕೂತು ತುಂಡು ನೂಲು ಆರಿಸುತ್ತಾ ಹೇಳಿದಳು, 'ಅದೇ ಪುಸ್ತಕದವರು ಮತ್ತೆ ಕರೆದಿದ್ರು. ಅರುಣಾಚಲದ ಕಡೆ ಕಾಡಂತೆ. ಅಲ್ಲಿ ಮಂಗಟ್ಟೆ ಇನ್ನೂ ದೊಡ್ಡದಿರತ್ತಂತೆ. ಗೂಡು ಮುಗಿಯೋವರೆಗೂ ಅಲ್ಲೇ ಇರ್ಬೇಕು.'

'ಹೋಗ್ತೀಯಾ?'

'ಆಗಲ್ಲ ಅಂತ ಇವತ್ತು ಹೇಳ್ಬಿಡ್ತೀನಿ.'

'ಯಾಕೆ?'

'ಯಾಕೆ ಅಂತ ನಿಂಗೊತ್ತಲ್ಲ ಅಕ್ಕ. ಸ್ವಿಚ್ ಆಫ್ ಮಾಡೋಕೆ ಮರೆಯೋಳು ನಾನು. ಪಾಪ, ಅವರು ಒಳ್ಳೆ ಜನ. ಎರಡನೇ ಸಲ ಮೋಸ ಮಾಡೋಕಾಗಲ್ಲ.'

ಮೋಸ ಎಂಬ ಮಾತು ಅವಳ ಬಾಯಲ್ಲಿ ಕೇಳಿದಾಗ ನನ್ನ ಕಾಲು ಪೆಡಲಿನ ಮೇಲೆ ನಿಂತಿತು. ನಾನು ಹೇಳಿದೆ. ಚೆನ್ನಾಗಿ ಹೇಳಲಿಲ್ಲ. ಮೊದಲು ಒರಳುಕಲ್ಲಿನಿಂದ ಶುರು ಮಾಡಿ, ಆಮೇಲೆ ಫೋನಿಗೆ ಹೋಗಿ, ಮತ್ತೆ ಹಿಂದೆ ಬಂದು ಕೆಂಪು ದೀಪಕ್ಕೆ ಬಂದೆ. ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು.

'ಅಂದ್ರೆ ಅದು ಚಾರ್ಜೇ ಆಗಿರ್ಲಿಲ್ವಾ?'

'ಇಲ್ಲ.'

'ನಾನು ಆಫ್ ಮಾಡಿದ್ನಾ?'

'ಮಾಡಿರ್ತೀಯ. ನೀನು ಯಾವತ್ತೂ ಮರೆಯೋಳಲ್ಲ.'

ಅವಳು ಆರಿಸಿದ ನೂಲನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಕೇಳಿದಳು, 'ಯಾವ ಸೀರಿಯಲ್?'

ಹೇಳಿದೆ.

'ಮದುವೆ ನಿಂತ್ತಾ?'

'ಇಲ್ಲ. ಬಾಗಿಲಲ್ಲಿ ನಿಂತಿದ್ದು ಯಾರೋ ಅಡುಗೆಯವನು. ಮುಹೂರ್ತ ನಿಲ್ಲಿಸಿ, ಸಿಲಿಂಡರ್ ಬಂದಿಲ್ಲ ಅಂತ.'

ನಾನು ನಗುತ್ತೇನೋ ಎಂದು ಅವಳು ನನ್ನ ಮುಖ ನೋಡಿದಳು. ನಾನು ನಗಲಿಲ್ಲ. ಅವಳೂ ನಗಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿ ಅಳು ಬಂತು. ಮೂಗು ಒರೆಸಿಕೊಂಡು, 'ಹೇಳಿದ್ಮೇಲೆ ಹಗುರಾಯ್ತು ಕಣೇ' ಎಂದುಬಿಟ್ಟೆ.

'ನಿಂಗೆ ಹಗುರಾಯ್ತಾ' ಎಂದಳು. ದನಿ ಏರಿಸಲಿಲ್ಲ. 'ಫೋಟೋ ಹೋದ್ರೆ ಹೋಗ್ಲಿ ಅಕ್ಕ. ನಾನು ಇಷ್ಟು ವರ್ಷ ನನ್ನ ಕೈನೇ ನಂಬ್ಲಿಲ್ಲ. ಬೀಗ ಹಾಕಿದ ಕೈನ, ಗ್ಯಾಸ್ ಆರಿಸಿದ ಕೈನ. ನೀನು ನೋಡ್ತಾನೇ ಇದ್ಯಲ್ಲ. ಪಕ್ಕದಲ್ಲಿ ಕೂತು ನೋಡ್ತಾನೇ ಇದ್ಯಲ್ಲ.'

ಅವಳು ಎದ್ದು ಗೇಟಿನ ಹತ್ತಿರ ಹೋಗಿ ಫೋನ್ ಮಾಡಿದಳು. ರಸ್ತೆಯಲ್ಲಿ ನೀರಿನ ಟ್ಯಾಂಕರ್ ಹೋಗುತ್ತಿತ್ತು, ಅದಕ್ಕೇ ಗಟ್ಟಿಯಾಗಿ ಮಾತಾಡಿದಳು: 'ಬರ್ತೀನಿ ಸರ್. ಹೌದು ಸರ್, ಕರೆಂಟಿಲ್ಲ ಅಂತ ಗೊತ್ತು. ನಾನು ನೋಡ್ಕೋತೀನಿ.' ಮಾತು ಮುಗಿಸಿ ಒಳಗೆ ಬರಲಿಲ್ಲ. ಹೊರಗಿನಿಂದಲೇ ಚಪ್ಪಲಿ ಮೆಟ್ಟಿಕೊಂಡು ಹೋದಳು. ಅಳತೆ ಕೊಡದೆ ಹೋದ ಬ್ಲೌಸ್ ಪೀಸ್ ನನ್ನ ಮೆಷೀನಿನ ಮೇಲೆ ಉಳಿಯಿತು.

ಈಗ ಅವಳು ಹೋಗಿ ಆಗಿದೆ, ಒಬ್ಬಳೇ. ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿದ ದಿನ ಅಮ್ಮನಿಗೆ ಫೋನ್ ಮಾಡುತ್ತಾಳೆ, ನನಗೆ ಮಾಡುವುದಿಲ್ಲ. ನಾನು ಅಮ್ಮನ ಮನೆಗೆ ಹೋಗಿ ಕೂತಿರುತ್ತೇನೆ. ನಿನ್ನೆ ಸಂಜೆ ಫೋನ್ ಬಂತು. ಅಮ್ಮನಿಗೆ ಕಿವಿ ಮಂದ, ಸ್ಪೀಕರ್ ಹಾಕುತ್ತಾಳೆ. ಬಿಸಿಲಿಗೆ ಹಿಡಿದರೆ ಬ್ಯಾಟರಿ ತುಂಬಿಸುವ ಹಾಳೆಯಂಥದ್ದು ಒಂದನ್ನು ಅಲ್ಲಿ ಕೊಟ್ಟಿದ್ದಾರಂತೆ. ಚಳಿಗೆ ಬ್ಯಾಟರಿ ಇಳಿಯುತ್ತದೆಂದು ರಾತ್ರಿ ಅದನ್ನು ಹೊದಿಕೆಯೊಳಗೆ ಇಟ್ಟುಕೊಂಡು ಮಲಗುತ್ತಾಳಂತೆ. ಹಕ್ಕಿ ಇನ್ನೂ ಒಳಗೇ ಇದೆಯಂತೆ. ದನಿ ಹುಷಾರಾಗಿತ್ತು.

'ಅಕ್ಕನ್ನಾದ್ರೂ ಕರ್ಕಂಡ್ ಓಗ್ಬೇಕಿತ್ತು ಕಣಮ್ಮಿ' ಎಂದಳು ಅಮ್ಮ. 'ಅವ್ಳಿದ್ದಿದ್ರೆ ಎಲ್ಲಾ ನೋಡ್ಕಳೋಳು.'

'ಬೇಡಮ್ಮ' ಎಂದಳು ಮಂಜುಳಾ. 'ಅಕ್ಕ ಅಲ್ಲೇ ಇರ್ಲಿ.'

ಲೈನ್ ಕಟ್ಟಾಯಿತು. ಅಮ್ಮ ಸೆರಗಿನಿಂದ ಫೋನ್ ಒರೆಸಿ ಪಕ್ಕಕ್ಕಿಟ್ಟು ನನ್ನ ಮಂಡಿ ತಟ್ಟಿದಳು. 'ನೋಡ್ದಾ, ನಿಂಗ್ ಕಷ್ಟ ಕೊಡ್ಬಾರ್ದು ಅಂತ ಒಬ್ಳೇ ಓಗವ್ಳೆ. ಎಷ್ಟ್ ಪ್ರೀತಿ ಮಡಿಕ್ಕಂಡವ್ಳೆ ನಿನ್ ಮ್ಯಾಲೆ.'

ಮಂಜುಳಾ ಹೊರಡುವ ಮುನ್ನ ಅಮ್ಮನಿಗೆ ಏನೂ ಹೇಳಿಲ್ಲ ಎಂಬುದು ನನಗೆ ಆಗ ಗೊತ್ತಾಯಿತು. ನನ್ನ ಮಾನವನ್ನು ನನ್ನ ಕೈಗೇ ಬಿಟ್ಟು ಹೋಗಿದ್ದಳು.

'ಇಲ್ಲಮ್ಮ, ಅದು ಹಂಗಲ್ಲ' ಎಂದೆ.

'ಮತ್ತೆಂಗೆ?' ಎಂದಳು ಅಮ್ಮ. ಸಾರಿನ ಪಾತ್ರೆಯ ಕೆಳಗೆ ಉರಿ ಸಣ್ಣದು ಮಾಡಿ, ಕಿವಿ ಚೆನ್ನಾಗಿ ಕೇಳುವ ಮಗ್ಗುಲನ್ನು ನನ್ನ ಕಡೆಗೆ ತಿರುಗಿಸಿ ಕೂತಳು.